ಆಸ್ತಮಾ ಇದ್ರೂ ಇಬುಪ್ರೊಫೆನ್ ತಗೊಂಡಾಗ ಏನೂ ಆಗಿಲ್ಲ, ಈಗ ಸೊಂಟನೋವಿಗೆ ಡೈಕ್ಲೊಫೆನಾಕ್ ತಗೋಬಹುದಾ?

"ಹಿಂದೆ ಎರಡು ಮೂರು ಸಲ ತಗೊಂಡಿದ್ದೀನಿ, ಏನೂ ಆಗಿಲ್ಲ, ಮೊದಲೇ ಎರಡು ಪಫ್ ಎಳ್ಕೊಂಡು ಮಾತ್ರೆ ತಗೊಂಡ್ರೆ ಸಾಕಲ್ವಾ" ಅಂತ ಕೇಳಿದ್ದೀರಲ್ಲ, ಇದೇ ಮಾತನ್ನ ನಾನು ವರ್ಷಗಟ್ಟಲೆ ಹೇಳ್ಕೊಂಡು ಬಂದೋನು. ನಂಗೆ ಇಪ್ಪತ್ತರ ಆಸುಪಾಸಿಂದ ಆಸ್ತಮಾ ಇದೆ. ತಲೆನೋವಿಗೆ ಇಬುಪ್ರೊಫೆನ್, ಕಾಲು ಉಳುಕಿದ್ರೆ ಡೈಕ್ಲೊಫೆನಾಕ್, ಹೀಗೇ ನುಂಗ್ತಿದ್ದೆ, ಒಂದು ದಿನಾನೂ ಉಸಿರಿಗೆ ತೊಂದ್ರೆ ಆಗಿರ್ಲಿಲ್ಲ.

36ನೇ ವಯಸ್ಸಲ್ಲಿ ಮೂಗಿನ ತೊಂದ್ರೆ ಶುರುವಾಯ್ತು. ಶೀತ ಅಂದ್ಕೊಂಡೆ, ತಿಂಗಳಾದ್ರೂ ಬಿಡ್ಲಿಲ್ಲ. ಮೂಗು ಸದಾ ಕಟ್ಟಿರೋದು, ರಾತ್ರಿಯೆಲ್ಲಾ ಬಾಯಲ್ಲೇ ಉಸಿರು. ಆಮೇಲೆ ವಾಸನೆ ಹೋಯ್ತು. ಒಲೆ ಮೇಲೆ ಪಾತ್ರೆ ಸೀದು ಹೊಗೆ ತುಂಬಿದ್ರೂ ನಾನು ಪಕ್ಕದ ರೂಮಲ್ಲೇ ಕೂತಿರ್ತಿದ್ದೆ, ಹೆಂಡತಿ ಓಡಿಬಂದು ಆಫ್ ಮಾಡೋಳು. ಇಎನ್‌ಟಿ ಡಾಕ್ಟರು ನೋಡಿ ಪಾಲಿಪ್, ಅಂದ್ರೆ ಮೂಗಿನೊಳಗೆ ಮೆತ್ತನೆ ಗಡ್ಡೆ, ಬೆಳೆದಿದೆ ಅಂದ್ರು, ಆಪರೇಷನ್ ಆಯ್ತು, ವರ್ಷದೊಳಗೆ ಮತ್ತೆ ಬೆಳೀತು. ಆದ್ರೆ ಮೂಗು ಬೇರೆ ಎದೆ ಬೇರೆ ಅಂತಾನೇ ನಾನು ಇದ್ದೆ. ಮೂಗಿನ ಫೈಲು ಒಂದು ಡಾಕ್ಟರ ಹತ್ರ, ಆಸ್ತಮಾ ಫೈಲು ಇನ್ನೊಬ್ಬರ ಹತ್ರ, ಇವರಿಗೆ ಅದು ಹೇಳ್ಲಿಲ್ಲ, ಅವರಿಗೆ ಇದು ಹೇಳ್ಲಿಲ್ಲ.

ಈಗ ನನ್ನ ತಪ್ಪಿಗೆ ಬರ್ತೀನಿ, ಇದನ್ನ ಸ್ವಲ್ಪ ಉದ್ದಕ್ಕೆ ಹೇಳ್ತೀನಿ, ಯಾಕಂದ್ರೆ ನೀವೂ ಇದನ್ನೇ ಮಾಡೋ ದಾರೀಲಿದ್ದೀರಿ. ಒಂದು ಭಾನುವಾರ ಬೆಳಿಗ್ಗೆಯಿಂದ ಅಟ್ಟ ಕ್ಲೀನ್ ಮಾಡಿದ್ದೆ, ಸೊಂಟ ಹಿಡ್ಕೊಂಡಿತ್ತು, ಸ್ನಾನ ಊಟ ಮುಗಿಸಿ ಇಬುಪ್ರೊಫೆನ್ 400 ಒಂದು ತಗೊಂಡು ಮಲಗಿದೆ. ಸುಮಾರು ಒಂದು ಗಂಟೆ ಆದ್ಮೇಲೆ ಮೂಗು ನಲ್ಲಿ ಬಿಟ್ಟ ಹಾಗೆ ಸುರಿಯೋಕೆ ಶುರು, ಕಣ್ಣು ಕೆಂಪು, ಮುಖ ಬಿಸಿಬಿಸಿ, ಆಮೇಲೆ ಎದೆ ಬಿಗೀತು. ಇನ್ಹೇಲರ್ ನಾಲ್ಕು ಪಫ್ ಎಳ್ಕೊಂಡೆ, ಸಂಜೆ ಹೊತ್ತಿಗೆ ಇಳೀತು. ಧೂಳು ಅಂದೆ. ಹೆಂಡತೀನೂ ಧೂಳೇ ಅಂದ್ಲು. ಮುಗೀತು.

ಆದ್ರೆ ಅಟ್ಟದ ಮೇಲೆ ನಾಲ್ಕು ಗಂಟೆ ಇದ್ದಾಗ ಒಂದು ಸೀನೂ ಬಂದಿರ್ಲಿಲ್ಲ! ಧೂಳಾಗಿದ್ರೆ ಅಲ್ಲೇ ಬರ್ಬೇಕಿತ್ತು, ಇಳಿದು ಸ್ನಾನ ಮಾಡಿ ಊಟ ಮಾಡಿ ಮಾತ್ರೆ ನುಂಗಿದ ಮೇಲೆ ಯಾಕೆ ಬಂತು ಅಂತ ನಾನು ಕೇಳ್ಕೊಳ್ಳೇ ಇಲ್ಲ. ಕೇಳ್ಕೊಳ್ದೇ ಇರೋಕೆ ಕಾರಣ, ಮಾತ್ರೆ ಅಲರ್ಜಿ ಅಂದ್ರೆ ಮೈ ದದ್ದು, ತುರಿಕೆ, ತುಟಿ ಊದೋದು, ಅದೂ ನುಂಗಿದ ತಕ್ಷಣ ಅಂತ ನನ್ನ ತಲೇಲಿತ್ತು. ಇದು ಹಾಗಲ್ಲ. ಅರ್ಧ ಗಂಟೆಯಿಂದ ಮೂರು ಗಂಟೆವರೆಗೂ ಟೈಮ್ ತಗೊಳ್ಳುತ್ತೆ, ಅಷ್ಟರಲ್ಲಿ ನಾವು ಹತ್ತು ಕೆಲಸ ಮಾಡಿರ್ತೀವಿ, ಅದ್ರಲ್ಲಿ ಯಾವುದೋ ಒಂದರ ಮೇಲೆ ತಪ್ಪು ಹೊರಿಸ್ತೀವಿ. ಎಲ್ಲಕ್ಕಿಂತ ಹೆಚ್ಚಾಗಿ "ಈ ಮಾತ್ರೆ ನಂಗೆ ಹೊಸದಲ್ಲ" ಅನ್ನೋದು ಕಣ್ಣು ಮುಚ್ಚಿಬಿಟ್ಟಿತ್ತು. ಹುಟ್ಟಿದಾಗಿಂದ ಇರೋ ತೊಂದ್ರೆ ಅಲ್ಲ ಇದು, ಹೆಚ್ಚಾಗಿ ಮೂವತ್ತು ನಲವತ್ತರ ವಯಸ್ಸಲ್ಲಿ ಬರೋದು, ಅಂದ್ರೆ ಅದಕ್ಕೆ ಮುಂಚೆ ತಗೊಂಡ ನೂರು ಮಾತ್ರೆ ಏನನ್ನೂ ಸಾಬೀತು ಮಾಡಲ್ಲ. ಅವತ್ತು ಒಂದು ಚೀಟೀಲಿ ಮಾತ್ರೆ ಹೆಸರು, ತಗೊಂಡ ಟೈಮು, ಉಸಿರು ಕಟ್ಟಿದ ಟೈಮು ಬರೆದಿಟ್ಟಿದ್ರೆ ಮುಂದಿನದು ಆಗ್ತಾನೇ ಇರ್ಲಿಲ್ಲ.

ಐದು ತಿಂಗಳ ಮೇಲೆ ಹಲ್ಲು ಕೀಳಿಸಿದೆ. ಹಲ್ಲಿನ ಡಾಕ್ಟರು ಸರಿಯಾಗೇ ಕೇಳಿದ್ರು, ಆಸ್ತಮಾ ಇದೆಯಾ, ಯಾವ್ದಾದ್ರೂ ನೋವಿನ ಮಾತ್ರೆ ಆಗಿಬರಲ್ವಾ ಅಂತ. ಆಸ್ತಮಾ ಕಂಟ್ರೋಲಲ್ಲಿದೆ, ಮಾತ್ರೆ ಎಲ್ಲಾ ಆಗುತ್ತೆ ಮೇಡಂ ಅಂದೆ. ಕೆಟೊರೊಲ್ಯಾಕ್ 10 ಬರೆದುಕೊಟ್ರು, ಅದೂ ಇಬುಪ್ರೊಫೆನ್ ಜಾತೀದೇ ನೋವಿನ ಮಾತ್ರೆ. ನುಂಗಿ ನಲವತ್ತು ನಿಮಿಷಕ್ಕೆ ಅದೇ ಮೂಗು, ಅದೇ ಕಣ್ಣು, ಆಮೇಲೆ ಉಸಿರು ಒಳಗೂ ಹೋಗಲ್ಲ ಹೊರಗೂ ಬರಲ್ಲ. ನೀವು ಹೇಳೋ ಎರಡು ಪಫ್ ಅಲ್ಲ, ಎಷ್ಟು ಪಫ್ ಎಳ್ಕೊಂಡೆ ಅಂತ ಲೆಕ್ಕ ಇಲ್ಲ, ಏನೂ ಆಗ್ಲಿಲ್ಲ. ಆಸ್ಪತ್ರೆ ಮುಟ್ಟೋ ಹೊತ್ತಿಗೆ ಒಂದೊಂದು ಪದಕ್ಕೆ ಒಂದೊಂದು ಉಸಿರು ಬೇಕಾಗ್ತಿತ್ತು. ಆಕ್ಸಿಜನ್, ನೆಬುಲೈಸರ್, ಸ್ಟೀರಾಯ್ಡ್, ಎರಡು ರಾತ್ರಿ ಐಸಿಯು. ಮಗಳು ಗಾಜಿನ ಆಚೆ ನಿಂತು ನೋಡ್ತಿದ್ದದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಅಲ್ಲಿದ್ದ ಡಾಕ್ಟರು ಕೇಳಿದ ಮೊದಲ ಪ್ರಶ್ನೆ ಎದೆ ಬಗ್ಗೆ ಅಲ್ಲ. "ಮೂಗಲ್ಲಿ ಪಾಲಿಪ್ ಇದೆಯಾ, ವಾಸನೆ ಬರುತ್ತಾ?" ಆಸ್ತಮಾ, ಪಾಲಿಪ್, ನೋವಿನ ಮಾತ್ರೆ ಆಗದೇ ಇರೋದು, ಈ ಮೂರೂ ಸೇರಿ ಒಂದೇ ಕಾಯಿಲೆಯಂತೆ. 1922ರಲ್ಲೇ ಫ್ರಾನ್ಸಿನ ವಿಡಾಲ್ ಅನ್ನೋ ಡಾಕ್ಟರು ಇದನ್ನ ಬರೆದಿದ್ರು, 1968ರಲ್ಲಿ ಸ್ಯಾಮ್ಟರ್ ಮತ್ತೆ ಬಿಯರ್ಸ್ ವಿವರವಾಗಿ ಬರೆದ್ರು, ಅದಕ್ಕೇ ಸ್ಯಾಮ್ಟರ್ಸ್ ಟ್ರಯಡ್ ಅಂತಾರೆ. ಇಷ್ಟು ಹಳೇ ವಿಷಯ ನನ್ನ ಕಿವಿಗೆ ಒಂದು ಸಲಾನೂ ಬಿದ್ದಿರ್ಲಿಲ್ಲ ಅನ್ನೋದೇ ಸಂಕಟ.

ಅವರು ಹೇಳಿದ್ದು ನಂಗೆ ಅರ್ಥ ಆದ ಹಾಗೆ: ಈ ಮಾತ್ರೆಗಳು ಕಾಕ್ಸ್-1 ಅನ್ನೋ ಕಿಣ್ವ ತಡೀತವೆ. ಅದರಿಂದ ನೋವು ಊತ ತರೋ ಪ್ರೊಸ್ಟಗ್ಲಾಂಡಿನ್ ಕಮ್ಮಿ ಆಗುತ್ತೆ, ಆದ್ರೆ ಅದೇ ಪ್ರೊಸ್ಟಗ್ಲಾಂಡಿನ್ ನಮ್ಮಂಥೋರಲ್ಲಿ ಲ್ಯೂಕೋಟ್ರೀನ್ ಅನ್ನೋ ರಾಸಾಯನಿಕ ಉಕ್ಕದ ಹಾಗೆ ಹಿಡಿದಿಟ್ಟಿರುತ್ತೆ. ಆ ಹಿಡಿತ ತಪ್ಪಿದ್ರೆ ಲ್ಯೂಕೋಟ್ರೀನ್ ಉಕ್ಕಿ ಶ್ವಾಸನಾಳ ಬಿಗಿಯುತ್ತೆ, ಕಫ ತುಂಬುತ್ತೆ. ಮಾಮೂಲಿ ಅಲರ್ಜಿ ಅಲ್ಲ, ಚರ್ಮದ ಟೆಸ್ಟಲ್ಲಿ ಸಿಗಲ್ಲ. ಅದಕ್ಕೇ ನಿಮ್ಮ ಪ್ರಶ್ನೇನೇ ತಪ್ಪು ಅಂತ ನಾನು ಹೇಳೋದು. ಇಬುಪ್ರೊಫೆನ್ ಬದ್ಲು ಡೈಕ್ಲೊಫೆನಾಕ್, ಅದರ ಬದ್ಲು ನ್ಯಾಪ್ರಾಕ್ಸೆನ್, ಅಸೆಕ್ಲೊಫೆನಾಕ್, ಆಸ್ಪಿರಿನ್, ಹೆಸರು ಬೇರೆ ಅಷ್ಟೇ, ಮಾಡೋ ಕೆಲಸ ಒಂದೇ. ಒಂದು ಆಗಲ್ಲ ಅಂದ್ರೆ ಉಳಿದವೂ ಆಗಲ್ಲ ಅಂತಾನೇ ತಿಳ್ಕೋಬೇಕು.

ಆಸ್ತಮಾ ಇರೋ ಎಲ್ರಿಗೂ ಹೀಗಾಗಲ್ಲ, ನಿಜ. ದೊಡ್ಡವರಲ್ಲಿ ಸುಮಾರು 100ಕ್ಕೆ 7 ಜನ, ತೀವ್ರ ಆಸ್ತಮಾ ಇರೋರಲ್ಲಿ ಸುಮಾರು 15. ಆದ್ರೆ ಆ 7ರಲ್ಲಿ ನೀವಿದ್ದೀರಾ ಅಂತ ಮನೇಲಿ ಮಾತ್ರೆ ನುಂಗಿ ನೋಡೋ ವಿಷಯ ಅಲ್ಲ ಇದು, ಅರ್ಧ ಮಾತ್ರೆ ಆದ್ರೂ ಬೇಡ. ಪರೀಕ್ಷೆ ಮಾಡಲೇಬೇಕು ಅಂದ್ರೆ ಆಸ್ಪತ್ರೇಲಿ, ಡಾಕ್ಟರ ಕಣ್ಣೆದುರು ಸ್ವಲ್ಪ ಸ್ವಲ್ಪ ಕೊಟ್ಟು ನೋಡ್ತಾರೆ.

ಸೊಂಟಕ್ಕೆ ಸದ್ಯ ಬಿಸಿನೀರಿನ ಶಾಖ, ಪ್ಯಾರಾಸಿಟಮಾಲ್ 500. ಅದು ಹೆಚ್ಚಿನವರಿಗೆ ಆಗುತ್ತೆ, ಆದ್ರೆ ಒಂದೇ ಸಲಕ್ಕೆ 1000 ತಗೊಂಡ್ರೆ ನಮ್ಮಂಥೋರಲ್ಲಿ ಕೆಲವರಿಗೆ ಎದೆ ಬಿಗಿಯೋದುಂಟು, ನಾನು 500 ದಾಟಲ್ಲ. ಪ್ಯಾರಾಸಿಟಮಾಲ್ ಜೊತೆ ಇಬುಪ್ರೊಫೆನ್ನೋ ಅಸೆಕ್ಲೊಫೆನಾಕೋ ಸೇರಿರೋ ಮಾತ್ರೆ ಬೇಕಾದಷ್ಟಿವೆ, ಕೆಲವು ಶೀತದ ಮಾತ್ರೇಲೂ ಇರುತ್ತೆ, ಹಾಗಾಗಿ ಸ್ಟ್ರಿಪ್ಪಿನ ಹಿಂದೆ ಸಣ್ಣಕ್ಷರದಲ್ಲಿ ಬರೆದಿರೋದನ್ನ ಓದಿ. ನೋವಿನ ಜೆಲ್‌ನೂ ಕೇಳದೇ ಹಚ್ಬೇಡಿ. ಸೆಲೆಕಾಕ್ಸಿಬ್, ಎಟೊರಿಕಾಕ್ಸಿಬ್ ಥರದ ನೋವಿನ ಮಾತ್ರೆ ಕಾಕ್ಸ್-1ನ ಅಷ್ಟಾಗಿ ತಡೆಯಲ್ಲ, ಹಾಗಾಗಿ ಹೆಚ್ಚಿನವರಿಗೆ ಒಗ್ಗುತ್ತೆ, ನಂಗೂ ಒಗ್ಗಿದೆ, ಆದ್ರೆ ನನ್ನ ಮೊದಲ ಮಾತ್ರೆ ಆಸ್ಪತ್ರೇಲೇ ಕೂತು ತಗೊಂಡಿದ್ದು. ಇನ್ನೊಂದು, ಯಾರಾದ್ರೂ ಹೃದಯಕ್ಕೆ ಅಂತ ದಿನಾ ಆಸ್ಪಿರಿನ್ ತಗೊಳ್ತಾ ಏನೂ ತೊಂದ್ರೆ ಇಲ್ದೇ ಇದ್ರೆ ಇದನ್ನ ಓದಿ ದಯವಿಟ್ಟು ನಿಲ್ಲಿಸ್ಬೇಡಿ.

ನಿಮ್ಮ ಪ್ರಶ್ನೇಲಿ ಮೂಗು ಹೇಗಿದೆ ಅಂತ ಮಾತ್ರ ಎಲ್ಲೂ ಬರೆದಿಲ್ಲ. ವಾಸನೆ ಸರಿಯಾಗಿ ಬರುತ್ತಾ? ಬಿಡದೇ ಶೀತ ಇರುತ್ತಾ? ಮಾತ್ರೆ ತಗೊಂಡ ದಿನ ಯಾವತ್ತಾದ್ರೂ "ಧೂಳು" ಅಂತ ಅಂದ್ಕೊಂಡಿದ್ರಾ? ನಾಳೆ ಡಾಕ್ಟರ ಹತ್ರ ಹೋಗಿ ಇದನ್ನೇ ಮೊದಲು ಹೇಳಿ, ಅಲ್ಲೀವರೆಗೂ ಆ ಡೈಕ್ಲೊಫೆನಾಕ್ ಸ್ಟ್ರಿಪ್ ಮುಟ್ಬೇಡಿ.