ಸ್ಪೆಲಿಂಗ್ ಬೀ ಚಾಂಪಿಯನ್ ಆದ ಮಕ್ಕಳ ಬಾಲ್ಯ ನಿಜವಾಗ್ಲೂ ಹಾಳಾಗತ್ತಾ?

ನಿಮ್ಮ ಮಗಳಿಗೆ ಒಂಬತ್ತು ವರ್ಷ, ಡಲ್ಲಾಸ್‌ನಲ್ಲಿ ಸ್ಕೂಲ್ ಬೀ (ಇಂಗ್ಲಿಷ್ ಪದ ಕೇಳಿ ಅದರ ಸ್ಪೆಲಿಂಗ್ ಒಂದೊಂದೇ ಅಕ್ಷರವಾಗಿ ಹೇಳೋ ಸ್ಪರ್ಧೆ) ಗೆದ್ದಿದ್ದಾಳೆ, ಮುಂದಕ್ಕೆ ಬಿಟ್ರೆ ಅವಳ ಆಟ ಪಾಠ ಎಲ್ಲಾ ಡಿಕ್ಷನರಿಲೇ ಮುಗಿದುಹೋಗತ್ತಾ ಅಂತ ಕೇಳಿದೀರಿ. ನಾನು ನ್ಯೂಜೆರ್ಸಿಲಿ ಇರೋದು, ವೀಕೆಂಡಲ್ಲಿ ನಮ್ಮ ಪರಿಚಯದ ಮಕ್ಕಳಿಗೆ ಬೀ ಪ್ರಾಕ್ಟೀಸ್ ಮಾಡಿಸ್ತೀನಿ, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ.

ಇಡೀ ಅಮೆರಿಕದ ಕೊನೇ ಹಂತದ ಸ್ಪರ್ಧೆ ಸ್ಕ್ರಿಪ್ಸ್ ನ್ಯಾಷನಲ್ ಸ್ಪೆಲಿಂಗ್ ಬೀ, ಅದನ್ನ ಟಿವಿಲಿ ನೋಡಿದೋರಿಗೆ ಕಾಣೋದು ಟ್ರೋಫಿ, ಮೇಲಿಂದ ಬೀಳೋ ಬಣ್ಣದ ಕಾಗದ, ಐವತ್ತು ಸಾವಿರ ಡಾಲರ್ ಬಹುಮಾನ. ಆದ್ರೆ ಚಾಂಪಿಯನ್ ಜೀವನ ಅಂದ್ರೆ ಬಹುಪಾಲು ಸೋತು ಮನೆಗೆ ಬಂದ ವರ್ಷಗಳು. ನಮ್ಮ ಕನ್ನಡದ ಮನೆ ಹುಡುಗಿ ಕಾವ್ಯಾ ಶಿವಶಂಕರ್‌ನೇ ತಗೊಳ್ಳಿ, ಕ್ಯಾನ್ಸಸ್‌ನ ಒಲೇಥಾ ಊರಿನವಳು. 2006ರಲ್ಲಿ ಹತ್ತನೇ ಸ್ಥಾನ, ಮುಂದಿನ ವರ್ಷ ಎಂಟು, ಆಮೇಲೆ ನಾಲ್ಕು, ಕೊನೆಗೆ 2009ರಲ್ಲಿ ಹದಿಮೂರನೇ ವಯಸ್ಸಲ್ಲಿ 'ಲೇಯೋಡಿಸಿಯನ್' ಅನ್ನೋ ಪದಕ್ಕೆ ಗೆದ್ಲು. ಆ ವಿಡಿಯೋ ಮಗಳ ಜೊತೆ ಕೂತು ನೋಡಿ. ಪ್ರತಿ ಪದಕ್ಕೂ ಅಂಗೈ ಮೇಲೆ ಬೆರಳಲ್ಲಿ ಒಂದೊಂದೇ ಅಕ್ಷರ ಬರೀತಾಳೆ, ಅರ್ಥ ಕೇಳ್ತಾಳೆ, ಯಾವ ಭಾಷೆಯಿಂದ ಬಂತು ಅಂತ ಕೇಳ್ತಾಳೆ, ಒಂಚೂರೂ ಅವಸರ ಇಲ್ಲ. ಅವಳ ತಂಗಿ ವಾನ್ಯಾ 2010ರಲ್ಲಿ ಎಂಟು ವರ್ಷಕ್ಕೇ ಆ ಸ್ಟೇಜ್ ಹತ್ತಿದ್ಲು, ಗೆದ್ದಿದ್ದು 2015ರಲ್ಲಿ, ಅದೂ ಗೋಕುಲ್ ವೆಂಕಟಾಚಲಂ ಜೊತೆ ಜಂಟಿಯಾಗಿ, ಗೆಲುವನ್ನ ತೀರಿಹೋದ ಅಜ್ಜಿಗೆ ಅರ್ಪಿಸಿದ್ಲು. ಅಕ್ಕ ಗೆದ್ದ ಮನೆಯಲ್ಲಿ ತಂಗಿಯಾಗಿ ಅಷ್ಟು ವರ್ಷ ಮತ್ತೆ ಮತ್ತೆ ಹೋಗೋದು ಎಷ್ಟು ಕಷ್ಟ ಅಂತ ಯೋಚನೆ ಮಾಡಿದ್ರೆ ನನಗೆ ಆ ಹುಡುಗಿ ಮೇಲೆ ಇನ್ನೂ ಜಾಸ್ತಿ ಗೌರವ ಬರತ್ತೆ.

ಇನ್ನು ಓದು. ಬರೀ ಬಾಯಿಪಾಠ ಅಂದ್ಕೊಂಡಿದ್ರೆ ಅದು ತಪ್ಪು ಕಲ್ಪನೆ. ಮೆರಿಯಂ ವೆಬ್‌ಸ್ಟರ್ ಅನ್‌ಅಬ್ರಿಡ್ಜ್ಡ್‌ನಲ್ಲಿ (ಬೀಗೆ ಆಧಾರವಾದ ದೊಡ್ಡ ಡಿಕ್ಷನರಿ) ಲಕ್ಷಗಟ್ಟಲೆ ಪದ ಇದಾವೆ, ಯಾರೂ ಪೂರ್ತಿ ಉರು ಹೊಡೆಯಕ್ಕಾಗಲ್ಲ. ಹಾಗಾಗಿ ಮಕ್ಕಳು ಮೂಲ ಹಿಡೀತಾರೆ, ಗ್ರೀಕ್ ಪದ ಅಂತ ಗೊತ್ತಾದ್ರೆ 'ಫ' ಶಬ್ದಕ್ಕೆ ಪಿ-ಎಚ್ ಬರತ್ತೆ, 'ಕ' ಶಬ್ದಕ್ಕೆ ಸಿ-ಎಚ್ ಬರೋ ಸಾಧ್ಯತೆ ಇದೆ, ಫ್ರೆಂಚ್ ಅಂದ್ರೆ ಕೊನೇಲಿ ಉಚ್ಚಾರ ಆಗದ ಅಕ್ಷರ ಇರಬಹುದು ಹೀಗೆ. ಎಲ್ಲಾರ್ನೂ ಒದ್ದಾಡಿಸೋದು ಶ್ವಾ, ಅಂದ್ರೆ ಒತ್ತಿಲ್ಲದೆ 'ಅ' ಥರ ಕೇಳಿಸೋ ಸ್ವರ, ಅದನ್ನ ಎ ಇ ಐ ಓ ಯು ಯಾವುದರಲ್ಲಿ ಬೇಕಾದ್ರೂ ಬರೆದಿರಬಹುದು, ಕಿವಿಗೆ ವ್ಯತ್ಯಾಸವೇ ಗೊತ್ತಾಗಲ್ಲ. 2021ರಿಂದ ಅರ್ಥ ಕೇಳೋ ರೌಂಡ್ ಬೇರೆ ಸ್ಟೇಜ್ ಮೇಲೇ ಬಂದಿದೆ. 2022ರ ಚಾಂಪಿಯನ್ ಹರಿಣಿ ಲೋಗನ್ ಅದರಲ್ಲೇ ಔಟ್ ಆಗಿದ್ಲು, ಆಮೇಲೆ ಜಡ್ಜ್‌ಗಳು ಅವಳು ಹೇಳಿದ ಅರ್ಥವೂ ಸರಿ ಅಂತ ಒಪ್ಪಿ ವಾಪಸ್ ಕರೆದ್ರು, ಆ ಆಘಾತದ ನಂತರ ಅದೇ ರಾತ್ರಿ ಗೆಲ್ಲೋದು ಅಂದ್ರೆ ತಮಾಷೆಯಲ್ಲ.

ಅಷ್ಟು ಹೊತ್ತು ಕೂತು ಓದಕ್ಕೆ ಯಾರಾದ್ರೂ ಪದ ಕೇಳಬೇಕಲ್ಲ, ಅದು ಅಪ್ಪ ಅಮ್ಮನ ಕೆಲಸ. ಅಡುಗೆ ಮಾಡ್ತಾ ಕೇಳ್ತಾರೆ, ಕಾರಲ್ಲಿ ಕೇಳ್ತಾರೆ. ಇಲ್ಲೇ ಎರಡು ಥರದ ಮನೆ ನೋಡಿದೀನಿ. ಒಂದರಲ್ಲಿ ಮಗು ತಪ್ಪು ಹೇಳಿದ್ರೆ 'ಹೌದಾ, ಈ ಪದ ಎಲ್ಲಿಂದ ಬಂತು ನೋಡೋಣ ಬಾ' ಅಂತ ಎಲ್ಲರೂ ಸೇರ್ಕೊಂಡು ಹುಡುಕ್ತಾರೆ. ಇನ್ನೊಂದರಲ್ಲಿ ಅಪ್ಪನ ಮುಖ ಬಿಗಿಯಾಗತ್ತೆ, ಮಗು ಅಕ್ಷರ ಹೇಳೋಕ್ಕೆ ಮುಂಚೆ ಅಪ್ಪನ ಕಡೆ ನೋಡತ್ತೆ. ಬಾಲ್ಯ ಹಾಳಾಗೋದು ಆ ಎರಡನೇ ಮನೇಲಿ ಸ್ವಾಮಿ, ಅಲ್ಲಿ ಬೀ ಇಲ್ದೇ ಇದ್ರೂ ಇನ್ಯಾವುದೋ ನೆಪದಲ್ಲಿ ಹಾಳಾಗತ್ತೆ.

ನಿಮ್ಮ ಡಲ್ಲಾಸ್ ಪಕ್ಕದ ಅಲೆನ್‌ನ ಫೈಜಾನ್ ಝಾಕಿ 2019ರಲ್ಲಿ ಏಳು ವರ್ಷಕ್ಕೇ ನ್ಯಾಷನಲ್ ಬೀಗೆ ಬಂದಿದ್ದ. 2024ರಲ್ಲಿ ಟೈ ಬ್ರೇಕರ್‌ಗೆ ಕೊಟ್ಟಿದ್ದು ತೊಂಬತ್ತು ಸೆಕೆಂಡ್, ಬೃಹತ್ ಸೋಮ 29 ಪದ ಸರಿಯಾಗಿ ಹೇಳಿದ, ಇವನು 20, ಎರಡನೇ ಸ್ಥಾನ. 2025ರಲ್ಲಿ ಗೆಲುವು ಕೈಗೆ ಸಿಕ್ಕಿದ್ದಾಗ ಆತುರಪಟ್ಟು ಏನೂ ಕೇಳದೆ ಶುರು ಮಾಡಿ ಒಂದು ಪದ ತಪ್ಪಿದ, ಆದ್ರೂ ಸಾವರಿಸ್ಕೊಂಡು ಮುಂದೆ ಗೆದ್ದೇಬಿಟ್ಟ, ಗೆದ್ದ ತಕ್ಷಣ ಸ್ಟೇಜ್ ಮೇಲೇ ಬಿದ್ದುಬಿಟ್ಟ ಪಾಪ. ಗೆದ್ದ ಮೇಲೆ ಅದೇ ಕೊನೆ, ಚಾಂಪಿಯನ್ ಮತ್ತೆ ಸ್ಪರ್ಧಿಸೋ ಹಾಗಿಲ್ಲ, ಗೆಲ್ಲದೇ ಇದ್ರೂ ಎಂಟನೇ ಕ್ಲಾಸ್ ದಾಟಿದ್ರೆ ಮುಗೀತು. ಆಮೇಲೆ ಎಲ್ಲರೂ ಬೇರೆ ಬೇರೆ ದಾರಿ ಹಿಡೀತಾರೆ, 1999ರ ಚಾಂಪಿಯನ್ ನೂಪುರ್ ಲಾಲಾ ಮೆದುಳಿನ ಕ್ಯಾನ್ಸರ್ ಡಾಕ್ಟರ್ ಆದ್ರು, 2002ರ ಪ್ರತ್ಯುಷ್ ಬುದ್ದಿಗ ಪೋಕರ್ ಆಟಗಾರ ಆದ್ರು, 1980ರ ಜಾಕ್ ಬೈಲಿ ಅವರೇ ಈಗ ಆ ಸ್ಟೇಜ್ ಮೇಲೆ ಮಕ್ಕಳಿಗೆ ಪದ ಹೇಳೋರು.

ನಿಮ್ಮ ಮಗಳ ವಿಷಯಕ್ಕೆ ಬರೋಣ. ಒಂದೆರಡು ವಾರ ನೀವಾಗೇ ಪದ ಕೇಳೋದು ನಿಲ್ಲಿಸಿ ನೋಡಿ. ಅವಳೇ ಪುಸ್ತಕ ಹಿಡ್ಕೊಂಡು ಬಂದ್ರೆ ಧೈರ್ಯವಾಗಿ ಬಿಡಿ, ಬರದಿದ್ರೆ ಒತ್ತಾಯ ಮಾಡಬೇಡಿ. ಶುರುವಿಗೆ ನಾರ್ತ್ ಸೌತ್ ಫೌಂಡೇಶನ್ ಅನ್ನೋ ಅಮೆರಿಕದ ಭಾರತೀಯರ ಸೇವಾ ಸಂಸ್ಥೆ ನಡೆಸೋ ಬೀ ಒಳ್ಳೇದು, ಅದರಿಂದ ಬರೋ ದುಡ್ಡು ಭಾರತದಲ್ಲಿ ಬಡ ವಿದ್ಯಾರ್ಥಿಗಳ ಸ್ಕಾಲರ್‌ಶಿಪ್‌ಗೆ ಹೋಗತ್ತೆ, ಮಕ್ಕಳಿಗೂ ಮೈಕ್ ಮುಂದೆ ನಿಲ್ಲೋ ಭಯ ಅಲ್ಲೇ ಹೋಗತ್ತೆ. ಮೊದಲ ಸಲ ಸೋತು ಬಂದ್ರೆ ದಯವಿಟ್ಟು ಕಾರಲ್ಲಿ ಆ ಪದದ ಬಗ್ಗೆ ಮಾತು ತೆಗೀಬೇಡಿ, ಮೊದಲು ಊಟ ಮಾಡಿಸಿ.