‘ತಂಗುದಾಣಕ್ಕೆ ಬಿಟ್ಟುಬಂದರೂ ವಾಪಸ್ ಬಂದುಬಿಟ್ಟರು’

ಪ್ರಶ್ನೆ: ನಮ್ಮ ಬೀದಿಯ ಬಸ್ ನಿಲ್ದಾಣದಲ್ಲಿ ಸುಮಾರು 65 ವರ್ಷದ ಒಬ್ಬರು ಮೂರು ತಿಂಗಳಿಂದ ಮಲಗುತ್ತಿದ್ದಾರೆ. ನಾಲ್ಕೈದು ಮನೆಯವರು ಸೇರಿ ಎರಡು ಸಲ ಅವರನ್ನು ಮನೆಯಿಲ್ಲದವರ ರಾತ್ರಿ ತಂಗುದಾಣಕ್ಕೆ ಬಿಟ್ಟುಬಂದೆವು. ಎರಡೇ ದಿನಕ್ಕೆ ವಾಪಸ್ ಬಂದರು. ಊಟ, ಹೊದಿಕೆ ಕೊಡೋದು ಬಿಟ್ಟು ಇನ್ನೇನು ಮಾಡಬಹುದು?

ಉತ್ತರ: ಯಾಕೆ ವಾಪಸ್ ಬಂದಿರಿ ಅಂತ ಅವರನ್ನೇ ಕೇಳಿದ್ದೀರಾ? ಪಕ್ಕದಲ್ಲಿ ಕೂತು, ನಿಧಾನವಾಗಿ. ಹೆಚ್ಚಿನ ತಂಗುದಾಣಗಳು ಗಟ್ಟಿಮುಟ್ಟಾಗಿ ಇರುವವರ ಲೆಕ್ಕದಲ್ಲಿ ಮಾಡಿದಂಥವು. ಮೇಲಿನ ಮಂಚ ಹತ್ತಬೇಕು. ಬೆಳಿಗ್ಗೆ ಹೊರಗೆ ಹೋದರೆ ಸಂಜೆವರೆಗೂ ಒಳಗೆ ಬಿಡುವುದಿಲ್ಲ. ನಾನು ಕಂಡ ಒಬ್ಬ ಅಜ್ಜಿ ಸಂಜೆ ನಾಲ್ಕರ ಮೇಲೆ ನೀರೇ ಕುಡಿಯುತ್ತಿರಲಿಲ್ಲ. ಶೌಚಾಲಯ ಕೆಳಗಿನ ಮಹಡಿಯಲ್ಲಿತ್ತು, ಮೆಟ್ಟಿಲ ಹತ್ತಿರ ದೀಪ ಇರಲಿಲ್ಲ. ರಾತ್ರಿಯ ಮಾತ್ರೆಯನ್ನೂ ಒಣ ಬಾಯಲ್ಲೇ ನುಂಗುತ್ತಿದ್ದರು. ಒಂದು ದಿನ ಅವರೂ ಹೊರಟುಹೋದರು. ಅವರನ್ನು ಹಟಮಾರಿ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಬೀದಿಯಲ್ಲಿ ಮೈಗೆ ಬೇಗ ವಯಸ್ಸಾಗುತ್ತದೆ. ಅಮೆರಿಕದ ಓಕ್‌ಲ್ಯಾಂಡ್‌ನಲ್ಲಿ 50 ದಾಟಿದ, ಮನೆಯಿಲ್ಲದ 350 ಜನರನ್ನು ಸಂಶೋಧಕರು ವರ್ಷಗಟ್ಟಲೆ ಗಮನಿಸಿದರು. ಎಡವಿ ಬೀಳುವುದು, ಮರೆವು, ಮೂತ್ರ ತಡೆಯಲಾಗದಿರುವುದು, ಇವೆಲ್ಲ ಅವರಿಗಿಂತ 20 ವರ್ಷ ದೊಡ್ಡವರಲ್ಲಿ ಕಾಣುವಷ್ಟು ಕಂಡವು. ನನ್ನನ್ನು ಇನ್ನೂ ಕಾಡುವುದು ಬೇರೆ ಸಂಗತಿ. ಅವರಲ್ಲಿ ನೂರಕ್ಕೆ 40ಕ್ಕಿಂತ ಹೆಚ್ಚು ಮಂದಿ 50 ತುಂಬುವವರೆಗೆ ಒಮ್ಮೆಯೂ ಮನೆ ಕಳೆದುಕೊಂಡವರಲ್ಲ. ಜೀವನಪೂರ್ತಿ ದುಡಿದವರು. ಹೆಂಡತಿಯೋ ಗಂಡನೋ ತೀರಿಕೊಂಡರು, ಕೆಲಸ ಹೋಯಿತು, ಕಾಯಿಲೆ ಬಂತು, ಬಾಡಿಗೆ ಬಾಕಿ ಬಿತ್ತು. ಅಷ್ಟೇ ಸಾಕಾಯಿತು.

ಅದಕ್ಕೇ ನಿಮ್ಮ ಗುಂಪಿಗೆ ಇನ್ನೊಂದು ಕೆಲಸ ಹೇಳುತ್ತೇನೆ. ನಿಮ್ಮ ಬೀದಿಯಲ್ಲೇ ಒಂಟಿಯಾಗಿ ಬಾಡಿಗೆಗಿರುವ ಹಿರಿಯರು ಯಾರು, ನೋಡಿಕೊಳ್ಳಿ. ಬಾಕಿ ಎರಡು ತಿಂಗಳದ್ದಾಗಿರುವಾಗ ಮಾಲೀಕರ ಜೊತೆ ಮಾತಾಡಬಹುದು, ಕೈಸಾಲ ಹೊಂದಿಸಬಹುದು. ಸಾಮಾನು ಬೀದಿಗೆ ಬಿದ್ದ ಮೇಲೆ ಅದೇ ಹಣ ಯಾವ ಮೂಲೆಗೂ ಸಾಲದು.

ಇನ್ನು ಬಸ್ ನಿಲ್ದಾಣದವರ ವಿಷಯ. ಇಂಥವರಿಗೆ ತಂಗುದಾಣಕ್ಕಿಂತ ಖಾಯಂ ಮನೆಯೇ ಬೇಕು. ಫಿನ್ಲೆಂಡ್ 2008ರಿಂದ ಈ ದಾರಿ ಹಿಡಿದಿದೆ: ಮೊದಲು ಮನೆ, ಕುಡಿತ-ಕಾಯಿಲೆಗೆ ಸಹಾಯ ಆಮೇಲೆ. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ವಿಂಟ್ರಿಂಗ್‌ಹ್ಯಾಮ್ ಎಂಬ ಸಂಸ್ಥೆ 1989ರಿಂದ ಮನೆಯಿಲ್ಲದ ಹಿರಿಯರಿಗೆ ಮನೆ ಮತ್ತು ಆರೈಕೆ ಎರಡನ್ನೂ ಒಟ್ಟಿಗೇ ಕೊಡುತ್ತಿದೆ. ನೀವು ಹುಡುಕಬೇಕಾದದ್ದೂ ಇಂಥದ್ದೇ. ನೆಲಮಹಡಿಯ ಒಂದು ಕೋಣೆ, ಒಳಗಿಂದ ಹಾಕಿಕೊಳ್ಳಲು ಚಿಲಕ, ವಾರಕ್ಕೆರಡು ಸಲ ಬಂದು ಮಾತಾಡಿಸುವ ಒಬ್ಬರು. ಬಾಡಿಗೆಯನ್ನು ನಾಲ್ಕೈದು ಮನೆ ಹಂಚಿಕೊಂಡರೆ ಶುರು ಮಾಡಬಹುದು, ಅಲ್ವಾ? ಆದರೆ ಅದು ಶಾಶ್ವತವಾಗಿ ನಡೆಯಲ್ಲ. ಪಿಂಚಣಿಯೋ ಬೇರೆ ನೆರವೋ ಬರುವಂತೆ ಆಗಲೇಬೇಕು.

ಅದಕ್ಕೆ ಕಾಗದಪತ್ರ ಬೇಕು. ಸಾಮಾನ್ಯವಾಗಿ ಅವು ತಲೆದಿಂಬಾಗಿರುವ ಚೀಲದಲ್ಲಿ, ಒದ್ದೆಯಾಗಿ ಅಂಟಿಕೊಂಡಿರುತ್ತವೆ. ಕಳೆದೇ ಹೋಗಿದ್ದರೆ ಕಚೇರಿಗೆ ಜೊತೆಯಲ್ಲಿ ಹೋಗಿ, ಸಾಲಿನಲ್ಲಿ ನಿಲ್ಲಿ. ಪ್ರತಿ ಸಲ ಅದೇ ಒಬ್ಬರು ಹೋಗುವುದು ಒಳ್ಳೆಯದು. ಹೊಸ ಮುಖಕ್ಕೆ ಮತ್ತೆ ಮೊದಲಿಂದ ಕಥೆ ಹೇಳಿ ಅವರಿಗೂ ಸಾಕಾಗಿರುತ್ತದೆ. ನಾಳೆ ಊಟದ ಜೊತೆ ಒಂದು ಗಟ್ಟಿ ಪ್ಲಾಸ್ಟಿಕ್ ಕವರ್ ಒಯ್ಯಿರಿ. ಚೀಲ ನೀವು ಬಿಚ್ಚಬೇಡಿ, ಅವರೇ ಬಿಚ್ಚಲಿ.