ಕಥೆ ಎರಡೇ ಸಾಲು, ಓಟ 102 ನಿಮಿಷ

(ಶಿವಮೊಗ್ಗದ ಓದುಗರೊಬ್ಬರು ಹೆಸರು ಪ್ರಕಟಿಸಬಾರದೆಂದು ಕೋರಿ ಬರೆದ ಪತ್ರದ ಮುಖ್ಯ ಭಾಗ:)

“ಹಿಂದಿನ ಸಂಚಿಕೆಯಲ್ಲಿ ನೀವು ‘ರೆಡ್‌ಲೈನ್’ ಎಂಬ ಜಪಾನೀ ಅನಿಮೇಷನ್ ಚಿತ್ರವನ್ನು ಬಾಯ್ತುಂಬ ಹೊಗಳಿದ್ದನ್ನು ಓದಿ, ಮಗನ ಮೊಬೈಲಿನಲ್ಲಿ ಎರಡು ರಾತ್ರಿ ಕೂತು ನೋಡಿದೆ. ಕಣ್ಣಿಗೆ ಹಬ್ಬ, ಒಪ್ಪುತ್ತೇನೆ. ಆದರೆ ಕಥೆ ಎಲ್ಲಿದೆ? ಒಬ್ಬ ಕಾರು ಓಡಿಸುತ್ತಾನೆ, ಸೋಲುತ್ತಾನೆ, ಮತ್ತೆ ಓಡಿಸುತ್ತಾನೆ, ಗೆಲ್ಲುತ್ತಾನೆ. ನಡುವೆ ಸೈನ್ಯ, ಕ್ಷಿಪಣಿ, ದೈತ್ಯ ಎಲ್ಲವೂ ಬಂದು ಹೋಗುತ್ತವೆ. ಹುಲಿಯಂತೆ ಕಾಣಿಸಿಕೊಂಡ ನಾಯಕಿ ಕೊನೆಗೆ ನಾಯಕನ ಕಾರಿಗೆ ಬಂದು ಕೂರುತ್ತಾಳೆ. ಎರಡು ವರ್ಷದ ಹಿಂದೆ ನನ್ನ ಕಥೆಯನ್ನು ‘ಕಥೆ ತೆಳುವಾಗಿದೆ’ ಎಂಬ ಒಂದೇ ಸಾಲಿನೊಂದಿಗೆ ಹಿಂದಿರುಗಿಸಿದ ಸಂಪಾದಕರು ಇವರೇನಾ ಎನಿಸಿತು.”

ಸಂಪಾದಕರ ಉತ್ತರ:

ಆತ್ಮೀಯರೇ,

ನಿಮ್ಮ ಕೊನೆಯ ವಾಕ್ಯ ನಾಟಬೇಕಾದ ಜಾಗಕ್ಕೇ ನಾಟಿದೆ. ಅದಕ್ಕೆ ಉತ್ತರ ಕೊಡದೆ ಈ ಪುಟ ಮುಗಿಸುವುದಿಲ್ಲ. ಮೊದಲು ಚಿತ್ರದ ಮಾತು.

ನೋಡದವರಿಗಾಗಿ ನಾಲ್ಕು ಸಾಲು. ತಾಕೇಶಿ ಕೊಯಿಕೆ ನಿರ್ದೇಶಿಸಿ, ಮ್ಯಾಡ್‌ಹೌಸ್ ಸ್ಟುಡಿಯೋ ತಯಾರಿಸಿದ ಈ ಚಿತ್ರ 2009ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಮೊದಲು ತೆರೆಕಂಡಿತು, 2010ರ ಅಕ್ಟೋಬರಿನಲ್ಲಿ ಜಪಾನಿನ ಚಿತ್ರಮಂದಿರಗಳಿಗೆ ಬಂತು. ಕಾರುಗಳು ಚಕ್ರ ಕಳಚಿ ಗಾಳಿಯಲ್ಲಿ ತೇಲತೊಡಗಿದ ದೂರದ ಕಾಲ. ಚಕ್ರವನ್ನು ಬಿಡದ ಹಟಮಾರಿಗಳಲ್ಲಿ ಒಬ್ಬ ಜೆಪಿ. ಐದು ವರ್ಷಕ್ಕೊಮ್ಮೆ ನಡೆಯುವ ರೆಡ್‌ಲೈನ್ ಪಂದ್ಯ ಈ ಸಲ ರೋಬೋವರ್ಲ್ಡ್ ಎಂಬ ಗ್ರಹದಲ್ಲಿ. ಅಲ್ಲಿನ ಸೈನಿಕ ಸರ್ಕಾರಕ್ಕೆ ಪಂದ್ಯ ಬೇಕಿಲ್ಲ, ಬಂದವರನ್ನು ಮುಗಿಸುವುದಾಗಿ ಬೆದರಿಸಿದೆ. ಅರ್ಹತಾ ಓಟದಲ್ಲಿ ಸೋತ ಜೆಪಿಗೆ, ಬೇರೆಯವರು ಹಿಂದೆ ಸರಿದದ್ದರಿಂದ ಅವಕಾಶ ಸಿಗುತ್ತದೆ. ಅವನ ಕಾರನ್ನು ಕಟ್ಟುವ ಗೆಳೆಯ ಫ್ರಿಸ್ಬೀ ಪಂದ್ಯದ ಫಲಿತಾಂಶವನ್ನು ಮೊದಲೇ ಮಾರಿಕೊಳ್ಳುವ ಮಾಫಿಯಾದ ಕೈಯಲ್ಲಿದ್ದಾನೆ. ಅರ್ಹತಾ ಓಟ ಗೆದ್ದವಳು ನಾಯಕಿ ಸೊನೊಶೀ.

ನಿಮ್ಮ ಆಕ್ಷೇಪಗಳಲ್ಲಿ ಎರಡನ್ನು ಒಪ್ಪುತ್ತೇನೆ. ರೋಬೋವರ್ಲ್ಡಿನ ಭಾಗದಲ್ಲಿ ಜನ ಹೆಚ್ಚಾದರು. ಕರ್ನಲ್, ಅಧ್ಯಕ್ಷ, ಫಂಕಿ ಬಾಯ್ ಎಂಬ ದೈತ್ಯ ಜೈವಿಕ ಅಸ್ತ್ರ, ಇವರೆಲ್ಲ ಒಂದೇ ಬಾಗಿಲಿನಲ್ಲಿ ನುಗ್ಗಿದಂತಿದೆ. ಸೊನೊಶೀಗೂ ಅನ್ಯಾಯವಾಗಿದೆ. ರೆಡ್‌ಲೈನ್ ಗೆಲ್ಲುವುದು ಚಿಕ್ಕಂದಿನಿಂದ ಅವಳ ಕನಸು. ಆ ಕನಸಿಗೆ ಕೊನೆಯ ಅರ್ಧ ಗಂಟೆಯಲ್ಲಿ ಅವಳದೇ ಆದ ಒಂದು ನಿರ್ಧಾರ ಬೇಕಿತ್ತು. ಇಷ್ಟನ್ನು ನಿಮಗೆ ಬಿಟ್ಟುಕೊಟ್ಟೆ.

ಆದರೆ “ಕಥೆ ಎಲ್ಲಿದೆ?” ಎಂಬ ಪ್ರಶ್ನೆಯನ್ನು ಬಿಟ್ಟುಕೊಡಲಾರೆ. ಇತಿವೃತ್ತವೇ, ಅಂದರೆ ಕಥಾವಸ್ತುವೇ, ನಾಟ್ಯದ ಶರೀರ ಎಂದು ನಾಟ್ಯಶಾಸ್ತ್ರದಲ್ಲಿ ಭರತ ಹೇಳಿದ್ದಾನಲ್ಲ ಎಂದು ನೀವು ಕೇಳಬಹುದು. ನಾನೂ ಅದನ್ನೇ ಹಿಡಿದುಕೊಂಡು ಕೇಳುತ್ತೇನೆ: ಶರೀರವೆಂದರೆ ಬರೀ ಮೂಳೆಯೇ? “ಓಡಿದ, ಸೋತ, ಗೆದ್ದ” ಎಂಬುದು ಮೂಳೆ. ರಕ್ತ, ಉಸಿರು, ಬೆವರು ಎಲ್ಲಿವೆ ಎಂದು ಹುಡುಕಿದಿರಾ?

ಬಹಳ ವರ್ಷಗಳ ಹಿಂದೆ ಗೆಳೆಯನೊಬ್ಬ ನನ್ನನ್ನು ಕರಾವಳಿಯ ಒಂದು ಕಂಬಳಕ್ಕೆ ಕರೆದೊಯ್ದಿದ್ದ. ಘಟ್ಟದ ಮೇಲಿನವನಾದ ನನಗೆ ತಿಳಿದಿದ್ದದ್ದು ಒಂದೇ, ಯಾವ ಜೋಡಿ ಮೊದಲು ತಲುಪುತ್ತದೋ ಅದು ಗೆದ್ದಂತೆ. ನಡುರಾತ್ರಿಯ ಹೊತ್ತಿಗೆ ಒಂದು ಜೋಡಿ ಕೋಣ ಗಂತಿನಿಂದ, ಅಂದರೆ ಓಟ ಶುರುವಾಗುವ ಜಾಗದಿಂದ, ಹೊರಟಿತು. ಹಿಂದೆ ಒಬ್ಬ ಸಣ್ಣ ಹಲಗೆಯ ಮೇಲೆ ಒಂದು ಕಾಲೂರಿ, ಕೋಣದ ಬಾಲ ಹಿಡಿದು ನಿಂತಿದ್ದ. ಹಲಗೆಯ ತೂತುಗಳಿಂದ ಕೆಸರುನೀರು ಎರಡು ಕಾರಂಜಿಯಾಗಿ ಚಿಮ್ಮಿತು. ನಾನು “ಯಾರು ಮುಂದೆ, ಯಾರು ಮುಂದೆ” ಎಂದು ಕತ್ತು ಉದ್ದ ಮಾಡುತ್ತಿದ್ದೆ. ಪಕ್ಕದಲ್ಲಿದ್ದ ಮುದುಕರೊಬ್ಬರು ಕೋಣಗಳತ್ತ ನೋಡಲೇ ಇಲ್ಲ. ಮೇಲೆ ಕಟ್ಟಿದ್ದ ನಿಶಾನೆಯ ಬಟ್ಟೆಯನ್ನೇ ನೋಡುತ್ತಿದ್ದರು. ಬಟ್ಟೆಯಿಂದ ನೀರು ತೊಟ್ಟಿಕ್ಕಿದ್ದನ್ನು ಕಂಡು ನನ್ನ ತೋಳು ಹಿಡಿದು “ಮುಟ್ಟಿತು” ಎಂದರು. ಅದು ಕಂಬಳದ ಕನೆಹಲಗೆ ಎಂಬ ವಿಭಾಗ. ಅಲ್ಲಿ ಎಷ್ಟು ಬೇಗ ಎಂದು ಯಾರೂ ಕೇಳುವುದಿಲ್ಲ, ನೀರು ಎಷ್ಟು ಎತ್ತರಕ್ಕೆ ಹೋಯಿತು ಎಂದು ಕೇಳುತ್ತಾರೆ. ಆ ರಾತ್ರಿ ನಾನು ಇಡೀ ಓಟವನ್ನು ತಪ್ಪು ಕಡೆಗೆ ಕಣ್ಣಿಟ್ಟು ನೋಡಿದ್ದೆ.

ನೀವು ರೆಡ್‌ಲೈನ್ ಅನ್ನು ಹಾಗೆ ನೋಡಿದ್ದೀರಿ ಎಂಬುದು ನನ್ನ ಅನುಮಾನ. ಮೊದಲ ಓಟವನ್ನೇ ತೆಗೆದುಕೊಳ್ಳಿ. ಯಾರು ಯಾವ ಊರಿನವನು, ಯಾರಿಗೆ ಯಾರ ಮೇಲೆ ಹಗೆ, ಒಂದನ್ನೂ ಹೇಳದೆ ಚಿತ್ರ ಶುರುವಾಗುತ್ತದೆ. ಜೆಪಿ ಹಿಂದೆ ಬಿದ್ದಿದ್ದಾನೆ. ಅವನ ಹಳದಿ ಟ್ರಾನ್ಸ್‌ಆ್ಯಮ್ ಕಾರು ವೇಗ ಹೆಚ್ಚಿಸಿಕೊಂಡಂತೆ ಗೆರೆಗಳೇ ಎಳೆದಾಡತೊಡಗುತ್ತವೆ: ಕಾರಿನ ಮೂತಿ ಉದ್ದವಾಗುತ್ತದೆ, ಸ್ಟೀರಿಂಗ್ ಹಿಡಿದ ತೋಳು ಉದ್ದವಾಗುತ್ತದೆ, ಮುಖದ ಚರ್ಮ ಹಿಂದಕ್ಕೆ ಹೋಗುತ್ತದೆ. ತಲೆಯ ಮೇಲಿನ ಆ ಕೂದಲಗೋಪುರ ಮಾತ್ರ ಜಗ್ಗುವುದಿಲ್ಲ. ಒಂದು ಮಾತಿಲ್ಲದೆ ಅವನು ಎಂಥವನೆಂದು ನಮಗೆ ತಿಳಿದುಹೋಗಿದೆ. ತನ್ನ ದೇಹ ತಡೆಯಲಾರದಷ್ಟನ್ನು ತನ್ನ ದೇಹದಿಂದ ಕೇಳುವವನು, ಹಾಗೆ ಕೇಳುವಾಗಲೂ ತನ್ನ ಠೀವಿಯನ್ನು ಬಿಡದವನು. ಗುರಿಗೆರೆ ಕೈಗೆಟುಕುವಷ್ಟರಲ್ಲಿ ಕಾರು ಸ್ಫೋಟಿಸುತ್ತದೆ. ಸ್ಫೋಟದ ಹಿಂದೆ ಫ್ರಿಸ್ಬೀ ಇದ್ದಾನೆ ಎಂದು ಗೊತ್ತಾದಾಗ ಗೆಳೆತನಕ್ಕೆ ಜೆಪಿ ಎಷ್ಟು ಬೆಲೆ ತೆರುತ್ತಿದ್ದಾನೆ ಎಂಬುದೂ ಗೊತ್ತಾಗುತ್ತದೆ. ಒಬ್ಬ ಒಳ್ಳೆಯ ಕಾದಂಬರಿಕಾರನಿಗೆ ಇದಕ್ಕೆ ಎರಡು ಅಧ್ಯಾಯ ಬೇಕು.

ಸೋವಿಯತ್ ಚಿತ್ರನಿರ್ದೇಶಕ ಐಸೆನ್‌ಸ್ಟೈನ್ ಡಿಸ್ನಿಯ ಚಿತ್ರಗಳ ಬಗ್ಗೆ 1940ರ ದಶಕದಲ್ಲಿ ಬರೆದಿಟ್ಟ ಟಿಪ್ಪಣಿಗಳಲ್ಲಿ, ಗೆರೆಗೆ ಯಾವ ಆಕಾರವನ್ನಾದರೂ ತಾಳುವ ಸ್ವಾತಂತ್ರ್ಯವಿದೆ, ನಮ್ಮನ್ನು ಸೆಳೆಯುವುದು ಅದೇ ಎಂಬ ಅರ್ಥದ ಮಾತಿದೆ. ಕೊಯಿಕೆ ಆ ಸ್ವಾತಂತ್ರ್ಯವನ್ನು ಹಾಸ್ಯಕ್ಕೆ ಬಳಸದೆ ಪ್ರಯಾಸಕ್ಕೆ ಬಳಸಿದರು. 2003ರಲ್ಲಿ ಬಂದ ‘ದಿ ಆ್ಯನಿಮ್ಯಾಟ್ರಿಕ್ಸ್’ ಸಂಕಲನದಲ್ಲಿ ಅವರದೊಂದು ಕಿರುಚಿತ್ರವಿದೆ. ನೂರು ಮೀಟರ್ ಓಟಗಾರನೊಬ್ಬ ತನ್ನ ಸ್ನಾಯು ಹರಿಯುವಷ್ಟು ಓಡಿ, ಆ ಓಟದ ಬಲದಿಂದಲೇ ತಾನು ಬದುಕಿರುವ ಕೃತಕ ಲೋಕದಿಂದ ಒಂದು ಕ್ಷಣ ಹೊರಬೀಳುತ್ತಾನೆ. ಅದನ್ನು ನೋಡಿದವರಿಗೆ ರೆಡ್‌ಲೈನ್‌ನ ಕೊನೆ ಅರ್ಥವಾಗುತ್ತದೆ. ಅಲ್ಲಿ ಕಾರು ಚೂರಾಗಿ, ಗುರಿಗೆರೆಯನ್ನು ದಾಟುವುದು ಗಾಳಿಯಲ್ಲಿ ಹಾರುತ್ತಿರುವ ಎರಡು ದೇಹಗಳು. ಬಹುಮಾನ ವಿತರಣೆಯಿಲ್ಲ, ಭಾಷಣವಿಲ್ಲ, ಚಿತ್ರ ಅಲ್ಲಿಗೇ ಮುಗಿಯುತ್ತದೆ. ನಿಮಗೆ ಅದು ಅವಸರವೆನಿಸಿರಬಹುದು. ನನಗೆ ಅದು ಪೂರ್ತಿ ಅನಿಸಿತು, ಏಕೆಂದರೆ ಅವರಿಬ್ಬರಿಗೂ ಓಟದಿಂದ ಬೇಕಿದ್ದದ್ದು ಆ ಗೆರೆಯ ಆಚೆ ಏನೂ ಇರಲಿಲ್ಲ.

ಇನ್ನು ನೀವು ಸುಮ್ಮನೆ ದಾಟಿಹೋದ ಒಂದು ವಿಷಯ. ಉಳಿದ ಸ್ಪರ್ಧಿಗಳ ವಾಹನಗಳಲ್ಲಿ ಆಯುಧಗಳಿವೆ. ಜೆಪಿಯ ಕಾರಿನಲ್ಲಿ ಒಂದೂ ಇಲ್ಲ. ಅವನನ್ನು ‘ಸ್ವೀಟ್ ಜೆಪಿ’ ಎಂದು ಕರೆಯುವುದು ಅದಕ್ಕಾಗಿಯೇ. 1909ರಲ್ಲಿ ಇಟಲಿಯ ಕವಿ ಮರಿನೆಟ್ಟಿ, ಯಂತ್ರ ಮತ್ತು ವೇಗವನ್ನು ಆರಾಧಿಸಿದ ತನ್ನ ಫ್ಯೂಚರಿಸ್ಟ್ ಕಲಾಚಳವಳಿಯ ಪ್ರಣಾಳಿಕೆಯಲ್ಲಿ, ಗರ್ಜಿಸುವ ಕಾರು ಪ್ರಾಚೀನ ಗ್ರೀಕರ ಸಮೋತ್ರೇಸಿನ ವಿಜಯದೇವತೆಯ ಶಿಲ್ಪಕ್ಕಿಂತ ಸುಂದರ ಎಂದು ಸಾರಿದ. ಅದೇ ಪ್ರಣಾಳಿಕೆಯಲ್ಲಿ ಯುದ್ಧವನ್ನೂ ಕೊಂಡಾಡಿದ. ವೇಗವನ್ನು ಪೂಜಿಸಿದವರು ಯುದ್ಧವನ್ನೂ ಪೂಜಿಸಿದ್ದು ಆ ಶತಮಾನದ ದೊಡ್ಡ ದುರಂತಗಳಲ್ಲಿ ಒಂದು. ಈ ಚಿತ್ರ ಆ ಗಂಟನ್ನು ಬಿಚ್ಚುತ್ತದೆ. ರೋಬೋವರ್ಲ್ಡಿನ ಸೈನ್ಯದ ಬಳಿ ಎಲ್ಲ ಅಸ್ತ್ರಗಳೂ ಇವೆ, ಆದರೆ ಅದು ಭಾರವಾಗಿದೆ, ತಡವಾಗಿ ಬರುತ್ತದೆ, ತಾನೇ ಎಬ್ಬಿಸಿದ ದೈತ್ಯನನ್ನು ಹಿಡಿದಿಡಲಾರದು. ಬರಿಗೈಯ ಮನುಷ್ಯ ಹಳೆಯ ಚಕ್ರದ ಕಾರಿನಲ್ಲಿ ಅದರ ನಡುವೆ ಹಾದುಹೋಗುತ್ತಾನೆ. ಸೈನ್ಯದ ಭಾಗ ಕಿಕ್ಕಿರಿದಿದೆ ಎಂದು ಮೇಲೆ ಒಪ್ಪಿದೆ. ಅದು ಅನಗತ್ಯ ಎಂದು ಮಾತ್ರ ಒಪ್ಪುವುದಿಲ್ಲ. ಆ ಗದ್ದಲವಿಲ್ಲದಿದ್ದರೆ ಜೆಪಿಯ ಬರಿಗೈ ನಮಗೆ ಕಾಣುತ್ತಲೇ ಇರಲಿಲ್ಲ.

ಇದನ್ನೆಲ್ಲ ಹೇಗೆ ಮಾಡಿದರು ಎಂಬುದನ್ನೂ ತಿಳಿದುಕೊಳ್ಳಿ. ಸುಮಾರು ಏಳು ವರ್ಷ ಹಿಡಿಯಿತು, ಸುಮಾರು ಒಂದು ಲಕ್ಷ ಚಿತ್ರಗಳನ್ನು ಕೈಯಿಂದ ಬಿಡಿಸಿದರು. ಸೆಕೆಂಡಿಗೆ 24 ಫ್ರೇಮಿನಂತೆ 102 ನಿಮಿಷಕ್ಕೆ ಹತ್ತಿರಹತ್ತಿರ ಒಂದೂವರೆ ಲಕ್ಷ ಫ್ರೇಮ್ ಬೇಕು. ಒಂದು ಚಿತ್ರವನ್ನು ಎರಡು ಮೂರು ಫ್ರೇಮು ನಿಲ್ಲಿಸಿ ದುಡಿಮೆ ಉಳಿಸುವುದೇ ಜಪಾನಿನ ಟಿವಿ ಅನಿಮೇಷನ್ನಿನ ರೂಢಿ. ಅಂಥ ಕಡೆ ಒಂದು ಲಕ್ಷ ಚಿತ್ರವೆಂದರೆ ಎಂಥ ಹಟ, ಲೆಕ್ಕ ಹಾಕಿ. ಆ ಮಿತವ್ಯಯವನ್ನು ರೂಢಿಗೆ ತಂದದ್ದು ಜಪಾನಿನ ಚಿತ್ರಕಥೆಗಾರ ಒಸಾಮು ತೆಜುಕಾ ಅವರ ಮುಶಿ ಪ್ರೊಡಕ್ಷನ್ ಸ್ಟುಡಿಯೋ, 1963ರಲ್ಲಿ ಟಿವಿ ಸರಣಿಗೆ ವಾರಕ್ಕೊಂದು ಕಂತು ಕೊಡುವ ಒತ್ತಡದಲ್ಲಿ. ಅಲ್ಲಿ ಪಳಗಿದವರೇ 1972ರಲ್ಲಿ ಹೊರಬಂದು ಮ್ಯಾಡ್‌ಹೌಸ್ ಕಟ್ಟಿದರು. ಅವರಲ್ಲೊಬ್ಬರಾದ ಒಸಾಮು ದೆಜಾಕಿ ಓಡುವ ದೃಶ್ಯವನ್ನು ತಟ್ಟನೆ ನಿಲ್ಲಿಸಿ ಸ್ಥಿರಚಿತ್ರವಾಗಿಸಿ ಬೆರಗು ಹುಟ್ಟಿಸುತ್ತಿದ್ದರು. ಇನ್ನೊಬ್ಬ ಸ್ಥಾಪಕರಾದ ಯೊಶಿಯಾಕಿ ಕವಾಜಿರಿ ಅವರ ಗರಡಿಯಲ್ಲಿ ಬೆಳೆದವರು ಕೊಯಿಕೆ. ರೇಖೆಯನ್ನು ಉಳಿಸಲು ಕಲಿತ ಮನೆಯಲ್ಲೇ, ಮೂರು ದಶಕಗಳಿಗೂ ಹೆಚ್ಚು ಕಾಲದ ನಂತರ, ರೇಖೆಯನ್ನು ದಾನದಂತೆ ಸುರಿದ ಚಿತ್ರ ಹುಟ್ಟಿತು. ಚಿತ್ರಮಂದಿರದಲ್ಲಿ ಅದು ಓಡಲಿಲ್ಲ. ಅದನ್ನು ಬರೆಯುವಾಗಲೂ ನನಗೆ ನೋವಾಗುತ್ತದೆ.

ನೋವಿಗೆ ಕಾರಣ ಜಪಾನಿನ ಗಲ್ಲಾಪೆಟ್ಟಿಗೆಯೊಂದೇ ಅಲ್ಲ. ನಮ್ಮ ಕಚೇರಿಗೆ ಬರುವ ಸಿನಿಮಾ ವಿಮರ್ಶೆಗಳನ್ನು ನೀವು ನೋಡಬೇಕು. ಹತ್ತರಲ್ಲಿ ಎಂಟು ವಿಮರ್ಶೆಗಳ ಮುಕ್ಕಾಲು ಪಾಲು ಕಥಾಸಾರ. ಛಾಯಾಗ್ರಹಣಕ್ಕೆ ಒಂದು ವಾಕ್ಯ, ಸಂಗೀತಕ್ಕೆ ಅರ್ಧ. ಕಳೆದ ವರ್ಷ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಅಂಥದೊಂದನ್ನು ಬರೆದು ತಂದಾಗ, ನಾಯಕಿ ಬಾಗಿಲು ಹಾಕುವ ದೃಶ್ಯದಲ್ಲಿ ಕ್ಯಾಮೆರಾ ಬಾಗಿಲಿನ ಯಾವ ಬದಿಗಿತ್ತು ಎಂದು ಕೇಳಿದೆ. ಅವಳು ಮತ್ತೊಮ್ಮೆ ಹೋಗಿ ನೋಡಿಬಂದಳು. ಎರಡನೆಯ ವಿಮರ್ಶೆಯಲ್ಲಿ ಕಥೆಗೆ ನಾಲ್ಕೇ ಸಾಲು ಸಾಕಾಯಿತು. ಈಗಂತೂ ಇಡೀ ಸಿನಿಮಾವನ್ನು ಹತ್ತು ನಿಮಿಷದಲ್ಲಿ ಹೇಳಿಮುಗಿಸುವ ವಿಡಿಯೋಗಳಿವೆ. ಅವನ್ನು ನೋಡಿ “ಆ ಸಿನಿಮಾ ನೋಡಿದೆ” ಎನ್ನುವವರು ನನ್ನ ಮನೆಯಲ್ಲೇ ಇದ್ದಾರೆ. ಅನಿಮೇಷನ್ ಎಂದರೆ ಮಕ್ಕಳನ್ನು ಸುಮ್ಮನೆ ಕೂರಿಸುವ ಸಾಧನ ಎಂದುಕೊಂಡ ವಿದ್ಯಾವಂತರು ಲೆಕ್ಕವಿಲ್ಲದಷ್ಟಿದ್ದಾರೆ. ಏಳು ವರ್ಷ ಬೆನ್ನು ಬಗ್ಗಿಸಿ ಬಿಡಿಸಿದ ಕೈಗಳ ಹೆಸರು ಕೊನೆಯಲ್ಲಿ ಬರುವಾಗ ನಾವು ಚಪ್ಪಲಿ ಹುಡುಕುತ್ತಿರುತ್ತೇವೆ.

ನೀವು ಅವರ ಸಾಲಿನವರಲ್ಲ. ಎರಡು ರಾತ್ರಿ ಕೊಟ್ಟು ನೋಡಿದ್ದೀರಿ, ಸೊನೊಶೀಗಾದ ಅನ್ಯಾಯವನ್ನು ನನಗಿಂತ ಚುರುಕಾಗಿ ಗುರುತಿಸಿದ್ದೀರಿ. ಅದಕ್ಕಾಗಿಯೇ ಹಕ್ಕಿನಿಂದ ಗದರುತ್ತಿದ್ದೇನೆ: ಅಂಗೈಯಗಲದ ಪರದೆಯಲ್ಲಿ, ಎರಡು ತುಂಡು ಮಾಡಿ ಈ ಚಿತ್ರವನ್ನು ನೋಡಬಾರದಿತ್ತು. ಮಗನಿಗೆ ಹೇಳಿ ಟಿವಿಗೆ ಜೋಡಿಸಿಕೊಳ್ಳಿ, ಅಡಿಬರಹ ತೆಗೆದುಬಿಡಿ, ಮೊದಲ ಓಟವನ್ನಷ್ಟೇ ಇನ್ನೊಮ್ಮೆ ನೋಡಿ. ಸಾಧ್ಯವಾದರೆ ಮಗನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.

ಈಗ ನಿಮ್ಮ ಕಥೆ. ನಿಮ್ಮ ಪತ್ರ ಬಂದ ಮೇಲೆ ಹಳೆಯ ಕಡತ ತೆಗೆಸಿ ನಮ್ಮಲ್ಲಿ ಉಳಿದಿದ್ದ ನಕಲನ್ನು ಓದಿದೆ. ನಿವೃತ್ತಿಯ ದಿನ ಕೊನೆಯ ಸಲ ಬಸ್ಸು ಓಡಿಸುವ ಚಾಲಕನ ಕಥೆ. “ಕಥೆ ತೆಳುವಾಗಿದೆ” ಎಂದು ಬರೆದದ್ದು ತಪ್ಪು, ಕ್ಷಮೆ ಕೇಳುತ್ತೇನೆ. ಅದರಲ್ಲಿ ಕಥೆ ಬೇಕಾದಷ್ಟಿದೆ: ಮಗಳ ಮದುವೆ, ತಮ್ಮನ ಆಸ್ತಿ ವ್ಯಾಜ್ಯ, ಡಿಪೋದಲ್ಲಿ ಜಗಳ, ಘಾಟಿಯಲ್ಲಿ ತಪ್ಪಿದ ಅಪಘಾತ. ಹದಿನಾಲ್ಕು ಪುಟದಲ್ಲಿ ಇಷ್ಟೆಲ್ಲ ನಡೆದರೂ ಅವನು ಒಮ್ಮೆಯೂ ಗೇರ್ ಬದಲಿಸುವುದಿಲ್ಲ. ಮೂವತ್ತು ವರ್ಷ ಆ ಗುಂಡಿಯನ್ನು ಹಿಡಿದ ಅಂಗೈ ಹೇಗಿರುತ್ತದೆ? ಆಗುಂಬೆಯ ತಿರುವಿನಲ್ಲಿ ಎರಡನೆಯ ಗೇರಿಗೆ ಇಳಿಸುವಾಗ ಇಡೀ ಬಸ್ಸು ಒಮ್ಮೆ ಉಸಿರೆಳೆದುಕೊಳ್ಳುತ್ತದಲ್ಲ, ಕೊನೆಯ ಸಲ ಅದು ಅವನ ಭುಜಕ್ಕೆ ಹೇಗೆ ತಟ್ಟಿತು? ಆಸ್ತಿ ವ್ಯಾಜ್ಯವನ್ನು ತೆಗೆದುಹಾಕಿ, ಆ ಘಾಟಿಯನ್ನು ನಾಲ್ಕು ಪುಟ ಬರೆಯಿರಿ. ದೀಪಾವಳಿ ವಿಶೇಷಾಂಕಕ್ಕೆ ಇನ್ನೂ ಸಮಯವಿದೆ. ಲಕೋಟೆಯ ಮೇಲೆ ನನ್ನ ಹೆಸರನ್ನೇ ಬರೆಯಿರಿ, ನಾನೇ ಒಡೆದು ಓದುತ್ತೇನೆ.

ನಿಮ್ಮ,
ಸಂಪಾದಕ